ಒಂದು ಪದ, ಹಲವು ಅರ್ಥ

ಪ್ರಶ್ನೆ: ಸೂರ್ಯ ಮುಳುಗುವುದಕ್ಕೂ ಟೆನಿಸ್ ಆಟದ ಒಂದು ಭಾಗಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ಎಂದೇ ಹೇಳುತ್ತಾರೆ. ಒಂದೇ ಪದಕ್ಕೆ ಇಷ್ಟೊಂದು ಅರ್ಥ ಹೇಗೆ ಬಂತು?

ಉತ್ತರ: ಮೂಲದಲ್ಲಿ ಇವು ಎರಡು ಪದಗಳು. ‘ಇಡು, ಕೂರಿಸು’ ಎಂಬ ಅರ್ಥದ ಕ್ರಿಯಾಪದ ಹಳೆಯ ಇಂಗ್ಲಿಷಿನದು. ಸೂರ್ಯ ಇಳಿಯುವುದು, ಜೆಲ್ಲಿ ಗಟ್ಟಿಯಾಗುವುದು, ಅಲಾರಂ ಇಡುವುದು ಎಲ್ಲವೂ ಅದರಿಂದಲೇ ಕವಲೊಡೆದವು. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಈ ಕ್ರಿಯಾಪದವೊಂದಕ್ಕೇ ಸುಮಾರು 430 ಅರ್ಥಗಳಿವೆ. ಬಾಗಿಲು ಹಾಕಿ, ಅಂಗಿ ಹಾಕಿ, ರುಜುವನ್ನೂ ಹಾಕುವ ಕನ್ನಡಿಗರಿಗೆ ಇದು ತೀರಾ ವಿಚಿತ್ರವೆನಿಸಲಾರದು. ‘ಗುಂಪು’ ಎಂಬ ಅರ್ಥದ ನಾಮಪದವಾದರೋ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಹಳೆಯ ಫ್ರೆಂಚಿನ ಮೂಲಕ ಬಂದು, ರೂಪ ಒಂದೇ ಆದ್ದರಿಂದ ಮೊದಲಿನದರೊಡನೆ ಬೆರೆತುಹೋಯಿತು. ನಮ್ಮ ಹೋಟೆಲುಗಳಲ್ಲಿ ಎರಡು ಮೂರನ್ನು ಒಟ್ಟಿಗೇ ತಟ್ಟೆಗಿಟ್ಟು ಕೊಡುವ ಸೆಟ್ ದೋಸೆ ಈ ಎರಡನೆಯ ವಂಶದ್ದು.