ಹಳೆಯ ವಾಲ್ವ್ ಆಂಪ್ಲಿಫೈಯರ್: ಸ್ವಿಚ್ ಒತ್ತುವ ಮೊದಲು

ಪ್ರಶ್ನೆ: ನಮ್ಮ ಸೋದರಮಾವ ಇಂಗ್ಲೆಂಡಿನಲ್ಲಿ ಓದುತ್ತಿದ್ದ ಕಾಲದಲ್ಲಿ ಕೊಂಡಿದ್ದ ಕ್ವಾಡ್ 2 ಆಂಪ್ಲಿಫೈಯರುಗಳ ಜೋಡಿ ಈಗ ನನ್ನ ಪಾಲಿಗೆ ಬಂದಿದೆ. ಸುಮಾರು 30 ವರ್ಷ ಅಟ್ಟದ ಮೇಲಿದ್ದರೂ ನೋಡಲು ಚೆನ್ನಾಗಿಯೇ ಇವೆ. ಒಮ್ಮೆ ಪ್ಲಗ್ ಹಾಕಿ ನೋಡಬಹುದೇ? ದುರಸ್ತಿ ಬೇಕಿದ್ದರೆ ಎಲ್ಲಿಂದ ಆರಂಭಿಸಬೇಕು? (ಧಾರವಾಡದ ಓದುಗರು)

ಉತ್ತರ: ದಯವಿಟ್ಟು ಹಾಕಬೇಡಿ. ಇಂಥ ಯಂತ್ರಗಳು ಕೆಡುವುದು ಅಟ್ಟದ ಮೇಲೆ ಕಳೆದ 30 ವರ್ಷಗಳಲ್ಲಿ ಅಲ್ಲ. ಕೆಳಗಿಳಿಸಿ, ಧೂಳು ಒರೆಸಿ, ಹಾಡುತ್ತದೆಯೋ ಇಲ್ಲವೋ ನೋಡೋಣವೆಂದು ಸ್ವಿಚ್ ಒತ್ತಿದ ಮೊದಲ ಹತ್ತು ನಿಮಿಷಗಳಲ್ಲಿ.

ಕ್ವಾಡ್ 2 ಮಾರುಕಟ್ಟೆಗೆ ಬಂದದ್ದು 1953ರಲ್ಲಿ. ಹಂಟಿಂಗ್ಡನ್ ಊರಿನಲ್ಲಿದ್ದ, ಪೀಟರ್ ವಾಕರ್ ಅವರ ಅಕೌಸ್ಟಿಕಲ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ ಅದನ್ನು ತಯಾರಿಸಿತು. ಒಂದೊಂದು ಪೆಟ್ಟಿಗೆಯೂ ಒಂದು ಸ್ಪೀಕರಿಗೆ 15 ವಾಟ್ ಕೊಡುತ್ತದೆ. ಅದರಲ್ಲಿ ಸ್ಪೀಕರಿಗೆ ಶಕ್ತಿ ಕೊಡುವ ಎರಡು ಕೆಟಿ66, ಅವಕ್ಕೂ ಮೊದಲಿನ ಹಂತದ ಎರಡು ಇಎಫ್86 ಮತ್ತು ವಿದ್ಯುತ್ತನ್ನು ಏಕಮುಖಗೊಳಿಸುವ (ರೆಕ್ಟಿಫೈಯರ್) ಒಂದು ಜಿಝಡ್32, ಹೀಗೆ ಐದು ವಾಲ್ವುಗಳು, ಅಂದರೆ ಟ್ರಾನ್ಸಿಸ್ಟರಿಗೂ ಮೊದಲಿನ ನಿರ್ವಾತ ನಳಿಗೆಗಳಿರುತ್ತವೆ. ನೋಡುವವರ ಕಣ್ಣು ಮೊದಲು ಹೋಗುವುದು ಈ ಗಾಜಿನ ಬುರುಡೆಗಳ ಕಡೆಗೆ. ಆದರೆ ನಿಮ್ಮ ಪಾಲಿಗೆ ಬಂದಿರುವ ಆಸ್ತಿ ಅವುಗಳ ಪಕ್ಕದಲ್ಲಿರುವ ಕಬ್ಬಿಣದ ಡಬ್ಬಿಗಳು, ಅಂದರೆ ಟ್ರಾನ್ಸ್‌ಫಾರ್ಮರುಗಳು. ಕೆಟಿ66ರ ಕ್ಯಾಥೋಡುಗಳು (ಎಲೆಕ್ಟ್ರಾನು ಹೊರಸೂಸುವ ಭಾಗಗಳು) ನೇರವಾಗಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರತ್ಯೇಕ ತಂತಿಸುತ್ತೊಂದಕ್ಕೆ ಸೇರುವುದು ಈ ವಿನ್ಯಾಸದ ವಿಶೇಷ. ಹಾಗಾಗಿ ಅದು ಸುಟ್ಟರೆ ಅಂಗಡಿಯಲ್ಲಿ ಸಿಗುವ ಸಾಧಾರಣ ಟ್ರಾನ್ಸ್‌ಫಾರ್ಮರನ್ನು ಅದರ ಜಾಗದಲ್ಲಿ ಕೂರಿಸಲಾಗದು. ವಾಲ್ವು ಹೊಸದು ಸಿಗುತ್ತದೆ, ಕಂಡೆನ್ಸರಿಗೆ (ಕೆಪಾಸಿಟರಿಗೆ) ಹೆಚ್ಚು ಬೆಲೆಯಿಲ್ಲ. ಆದ್ದರಿಂದ ಮುಂದೆ ನೀವು ಮಾಡುವ ಪ್ರತಿಯೊಂದು ಕೆಲಸವೂ ಆ ಕಬ್ಬಿಣವನ್ನು ಉಳಿಸಿಕೊಳ್ಳುವ ಕೆಲಸವೆಂದು ತಿಳಿಯಿರಿ.

ಅಪಾಯ ಬರುವುದು ಹೀಗೆ. ಇಎಫ್86ರಿಂದ ಕೆಟಿ66ರ ಗ್ರಿಡ್ಡಿಗೆ (ವಾಲ್ವಿನೊಳಗಿನ ಹರಿವನ್ನು ನಿಯಂತ್ರಿಸುವ ಜಾಲರಿಗೆ) ಸಂಗೀತವನ್ನು ದಾಟಿಸಿ, ಏಕಮುಖ ವಿದ್ಯುತ್ತನ್ನು ಮಾತ್ರ ತಡೆಹಿಡಿಯಲು 0.1 ಮೈಕ್ರೋಫ್ಯಾರಡ್ಡಿನ ಕಂಡೆನ್ಸರುಗಳಿವೆ. ಕಾಗದದ ಹಾಳೆ ಸುತ್ತಿ ಮಾಡಿದ ಹಳೆಯ ಕಂಡೆನ್ಸರು ದಶಕಗಳ ಕಾಲ ತೇವ ಹೀರಿ, ತಡೆಯಬೇಕಾದುದನ್ನು ಸ್ವಲ್ಪಸ್ವಲ್ಪವಾಗಿ ಸೋರಲು ಬಿಡುತ್ತದೆ. ಕೆಲವೇ ವೋಲ್ಟು ಗ್ರಿಡ್ಡಿಗೆ ತಲುಪಿದರೂ ಕೆಟಿ66 ಮಿತಿಮೀರಿ ವಿದ್ಯುತ್ ಎಳೆಯುತ್ತದೆ, ಅದರ ಒಳಗಿನ ತಗಡು (ಆನೋಡು) ಕೆಂಪಗೆ ಕಾಯುತ್ತದೆ, ಮತ್ತು ಆ ವಿದ್ಯುತ್ತೆಲ್ಲ ಹರಿದು ಬರಬೇಕಾದ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಂತಿ ಒಂದು ದಿನ ಕಡಿದುಹೋಗುತ್ತದೆ. ಫ್ಯೂಸು ಕಾಪಾಡುತ್ತದೆಂಬ ಭರವಸೆ ಬೇಡ. ಎಷ್ಟೋ ಸಲ ಫ್ಯೂಸು ಹೋಗುವ ಮೊದಲೇ ಟ್ರಾನ್ಸ್‌ಫಾರ್ಮರು ಹೋಗಿರುತ್ತದೆ. ಕರಾವಳಿಯ ಮನೆಯಲ್ಲಿ ಎಷ್ಟೋ ಮಳೆಗಾಲ ಕಳೆದ ಯಂತ್ರವಾದರೆ ಈ ಕಂಡೆನ್ಸರುಗಳನ್ನು ಪರೀಕ್ಷಿಸುತ್ತ ಕೂರುವ ಅಗತ್ಯವೂ ಇಲ್ಲ, ಕೆಟ್ಟಿವೆಯೆಂದೇ ತಿಳಿದು ತೆಗೆಯಬಹುದು.

ಮೊದಲು ಕಣ್ಣಿನಿಂದ ನೋಡಿ. ಕ್ವಾಡ್‌ನ ಟ್ರಾನ್ಸ್‌ಫಾರ್ಮರುಗಳ ಡಬ್ಬಿಯೊಳಗೆ ಟಾರಿನಂಥ ಕಪ್ಪು ಅಂಟನ್ನು ತುಂಬಿರುತ್ತಾರೆ. ಅದು ಕರಗಿ ಕೆಳಗೆ ಸುರಿದ ಗುರುತಿದ್ದರೆ ಹಿಂದೊಮ್ಮೆ ವಿಪರೀತ ಕಾದಿತ್ತೆಂದು ಅರ್ಥ. ಅನಂತರ ವಾಲ್ವುಗಳನ್ನೆಲ್ಲ ಕಿತ್ತಿಟ್ಟು, ಮಲ್ಟಿಮೀಟರನ್ನು ಓಮ್‌ಗೆ ಹಾಕಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮಧ್ಯದಿಂದ ಎರಡೂ ಕೆಟಿ66ರ ಸಾಕೆಟ್ಟುಗಳ ಆನೋಡ್ ತುದಿಗಳವರೆಗೆ ಅಳೆಯಿರಿ. ಎರಡು ಅರ್ಧಗಳ ನಡುವೆ ಸ್ವಲ್ಪ ವ್ಯತ್ಯಾಸ ಸಹಜ. ಒಂದು ಕಡೆ ಮೀಟರು ಏನನ್ನೂ ತೋರಿಸದಿದ್ದರೆ ಆ ಸುತ್ತು ಕಡಿದಿದೆ. ಕೊಳ್ಳಲು ಹೊರಟವರಿಗೂ ಇದೇ ಪರೀಕ್ಷೆ. ಮಾರುವವರು ಅಡಿಯ ತಗಡು ಬಿಚ್ಚಿ ಇಷ್ಟು ಅಳೆಯಲು ಬಿಡದಿದ್ದರೆ, ಮೇಲಿನ ಬಣ್ಣ ಎಷ್ಟೇ ಹೊಳೆಯುತ್ತಿರಲಿ, ನಾನಾದರೆ ಎದ್ದು ಬರುತ್ತೇನೆ.

ಮುಂದಿನ ಹಂತಕ್ಕೆ 60 ವಾಟಿನ ಹಳೆಯ ತಂತಿಯ ಬಲ್ಬೊಂದನ್ನು ಹುಡುಕಿಕೊಳ್ಳಿ. ಎಲ್‌ಇಡಿ ಈ ಕೆಲಸಕ್ಕೆ ಬಾರದು. ವಾಲ್ವುಗಳಿಲ್ಲದ ಆಂಪ್ಲಿಫೈಯರಿಗೆ ಆ ಬಲ್ಬಿನ ಮೂಲಕ, ಸರಣಿಯಲ್ಲಿ, ವಿದ್ಯುತ್ ಕೊಡಿ. ಬಲ್ಬು ಕ್ಷಣಕಾಲ ಮಿನುಗಿ ಬಹುಮಟ್ಟಿಗೆ ಆರಿಹೋದರೆ ಪವರ್ ಟ್ರಾನ್ಸ್‌ಫಾರ್ಮರು ಕ್ಷೇಮವಾಗಿದೆ; ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ. ವೇರಿಯಾಕ್ (ವೋಲ್ಟೇಜನ್ನು ಬೇಕಾದಷ್ಟು ಏರಿಳಿಸುವ ಟ್ರಾನ್ಸ್‌ಫಾರ್ಮರು) ಬಳಸಿ ಸೊನ್ನೆಯಿಂದ ನಿಧಾನವಾಗಿ ವೋಲ್ಟೇಜ್ ಏರಿಸಬೇಕೆಂಬ ಸಲಹೆಯನ್ನು ನೀವು ಕೇಳಿರಬಹುದು. ಜಿಝಡ್32ರಂಥ ವಾಲ್ವು ರೆಕ್ಟಿಫೈಯರ್ ಇರುವ ಯಂತ್ರಕ್ಕೆ ಅದರಿಂದ ಹೆಚ್ಚಿನ ಲಾಭವಿಲ್ಲ, ಏಕೆಂದರೆ ವಾಲ್ವಿನ ಫಿಲಮೆಂಟು ಸಾಕಷ್ಟು ಬಿಸಿಯಾಗುವವರೆಗೆ ಮುಂದಿನ ಕಂಡೆನ್ಸರುಗಳಿಗೆ ಏನೂ ತಲುಪುವುದಿಲ್ಲ, ತಲುಪತೊಡಗಿದಾಗ ಒಮ್ಮೆಲೇ ತಲುಪುತ್ತದೆ.

ಬದಲಿಸಬೇಕಾದವು ಹೆಚ್ಚಿಲ್ಲ. ಮೇಲೆ ಹೇಳಿದ 0.1 ಮೈಕ್ರೋಫ್ಯಾರಡ್ಡಿನ ಕಂಡೆನ್ಸರುಗಳಿಗೆ ಬದಲಾಗಿ 630 ವೋಲ್ಟಿನ ಪಾಲಿಪ್ರೊಪಿಲೀನ್ (ಪ್ಲಾಸ್ಟಿಕ್ ಹಾಳೆಯ) ಕಂಡೆನ್ಸರುಗಳು. ಏಕಮುಖ ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ, 16+16 ಮೈಕ್ರೋಫ್ಯಾರಡ್ಡಿನ ಜೋಡಿ ಕಂಡೆನ್ಸರು, ಅಂದರೆ ಮುಖ್ಯ ಫಿಲ್ಟರು. ಕೆಟಿ66ಗಳೆರಡರ ಕ್ಯಾಥೋಡಿಗೂ ಸೇರಿ ಒಂದೇ ಆಗಿರುವ 180 ಓಮ್‌ನ ರೆಸಿಸ್ಟರು ಮತ್ತು ಅದರ ಜೊತೆಗಿನ 25 ಮೈಕ್ರೋಫ್ಯಾರಡ್ಡಿನ ಕಂಡೆನ್ಸರು. ಫಿಲ್ಟರಿನ ಮೌಲ್ಯವನ್ನು ‘ದೊಡ್ಡದಿದ್ದರೆ ಒಳ್ಳೆಯದು’ ಎಂದು ಏರಿಸಬೇಡಿ, ರೆಕ್ಟಿಫೈಯರ್ ವಾಲ್ವು ಆ ಹೊರೆಯನ್ನು ತಾಳದು. ಇಂಗಾಲದ ರೆಸಿಸ್ಟರುಗಳು ಕಾಲಕ್ರಮದಲ್ಲಿ ತಮ್ಮ ನಿಗದಿತ ಓಮ್‌ಗಿಂತ ಮೇಲೇರಿರುತ್ತವೆ. ಅಳೆದು, ತೀರಾ ಹಳಿ ತಪ್ಪಿದವನ್ನು ಮಾತ್ರ ತೆಗೆಯಿರಿ. ಬಿರುಕುಬಿಟ್ಟ ರಬ್ಬರಿನ ಹಳೆಯ ವೈರಿನ ಬದಲು ಅರ್ತ್ ಇರುವ ಮೂರು ಎಳೆಯ ವೈರು ಹಾಕಿಸಿ, ಅರ್ತನ್ನು ಚಾಸಿಗೆ (ಯಂತ್ರದ ಲೋಹದ ಮೈಗೆ) ಬಿಗಿಯಾಗಿ ಸೇರಿಸಿ. ಮೇನ್ಸ್ ವೋಲ್ಟೇಜ್ ಆಯ್ಕೆಯನ್ನು ನಿಮ್ಮ ಮನೆಯಲ್ಲಿ ರಾತ್ರಿ ಅಳೆದು ನಿರ್ಧರಿಸಿ. ಹೆಸರಿಗೆ 230 ಆದರೂ ಕೆಲವು ಬಡಾವಣೆಗಳಲ್ಲಿ ಅದು 245ರ ಆಸುಪಾಸಿಗೆ ಏರುವುದುಂಟು.

ಎಲ್ಲ ಮುಗಿದು, ವಾಲ್ವು ಹಾಕಿ, ಸ್ಪೀಕರನ್ನು ತಪ್ಪದೆ ಜೋಡಿಸಿ ಚಾಲೂ ಮಾಡಿದಾಗ ಆ 180 ಓಮ್‌ನ ಎರಡು ತುದಿಗಳ ನಡುವೆ ಸುಮಾರು 26 ವೋಲ್ಟು ಇರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಕೂಡಲೇ ಆರಿಸಿ. ಒಳಗೆ 300 ವೋಲ್ಟಿಗೂ ಮಿಕ್ಕಿದ ಏಕಮುಖ ವಿದ್ಯುತ್ತಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಕಂಡೆನ್ಸರಿನಲ್ಲಿ ಉಳಿದಿರಬಹುದು. 10 ಕಿಲೋಓಮ್, 5 ವಾಟಿನ ರೆಸಿಸ್ಟರಿನ ಮೂಲಕ ಅದನ್ನು ಬರಿದು ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಮಾತ್ರ ಕೈಹಾಕಿ. ಬೆಸುಗೆಯ ಅಭ್ಯಾಸವಿಲ್ಲದಿದ್ದರೆ ವಾಲ್ವ್ ರೇಡಿಯೋ ಕಾಲದ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ. ನಕ್ಷೆಯನ್ನು ಕೊಟ್ಟರೆ ಅವರಿಗೆ ಇದು ಅರ್ಧ ದಿನದ ಕೆಲಸ. ಜೊತೆಗೆ ಹಳೆಯ ಪ್ರೀಆಂಪ್ಲಿಫೈಯರ್ (ಇದಕ್ಕೆ ಮೊದಲು ಜೋಡಿಸುವ ನಿಯಂತ್ರಣ ಪೆಟ್ಟಿಗೆ) ಸಿಗದಿದ್ದರೆ ಕೊರಗಬೇಕಿಲ್ಲ: ಕ್ವಾಡ್ 2 ಪೂರ್ಣ ಶಕ್ತಿಗೆ ಕೇಳುವುದು 1.4 ವೋಲ್ಟು ಮಾತ್ರ, ಸಿಡಿ ಪ್ಲೇಯರುಗಳು ಸಾಮಾನ್ಯವಾಗಿ 2 ವೋಲ್ಟು ಕೊಡುತ್ತವೆ. ನಡುವೆ ಒಂದು ವಾಲ್ಯೂಮ್ ಕಂಟ್ರೋಲ್ ಇದ್ದರಾಯಿತು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ, ಮುಂದಿನ ವರ್ಷ ಬೆಂಗಳೂರಿಗೆ ಮರಳುವವನಿದ್ದೇನೆ. ಇಲ್ಲಿ ಡೈನಾಕೊ ಎಸ್‌ಟಿ-70 ಎಂಬ ವಾಲ್ವ್ ಆಂಪ್ಲಿಫೈಯರ್ ಸುಲಭವಾಗಿ ಸಿಗುತ್ತದೆ. ತಂದರೆ ಅಲ್ಲಿ ಸ್ಟೆಪ್‌ಡೌನ್ (ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರು) ಹಾಕಿ ನಡೆಸಬಹುದಲ್ಲವೇ?

ಉತ್ತರ: ತರಲು ಯೋಗ್ಯವಾದ ಯಂತ್ರವೇ. ಡೇವಿಡ್ ಹ್ಯಾಫ್ಲರ್ ಅವರ ಡೈನಾಕೊ 1959ರಲ್ಲಿ ಹೊರತಂದ ಈ ಮಾದರಿ ಚಾನಲ್ಲಿಗೆ 35 ವಾಟ್ ಕೊಡುತ್ತದೆ, ಚಾನಲ್ಲಿಗೆ ಎರಡರಂತೆ ಇಎಲ್34 ವಾಲ್ವುಗಳಿವೆ, ಮತ್ತು ಅದರ ಬಿಡಿಭಾಗಗಳನ್ನು ತಯಾರಿಸುವವರು ಇಂದಿಗೂ ಇದ್ದಾರೆ. ಆದರೆ ಇದು ಬಹುಮಟ್ಟಿಗೆ ಕಿಟ್ ರೂಪದಲ್ಲಿ ಮಾರಾಟವಾದದ್ದು; ಅಂದರೆ ನಿಮ್ಮ ಕೈಗೆ ಬರುವ ಯಂತ್ರಕ್ಕೆ ಬೆಸುಗೆ ಹಾಕಿದವರು ಕುಶಲರೋ, ಅದೇ ಮೊದಲ ಬಾರಿಗೆ ಸೋಲ್ಡರಿಂಗ್ ಐರನ್ ಹಿಡಿದವರೋ, ಅಡಿಯ ತಗಡು ತೆಗೆದ ಮೇಲೆಯೇ ತಿಳಿಯುವುದು.

ಸ್ಟೆಪ್‌ಡೌನ್ ವಿಷಯದಲ್ಲಿ ಒಂದು ತೊಡಕಿದೆ. ಅದು ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಆವರ್ತನವನ್ನು ಅಮೆರಿಕದ 60 ಆಗಿಸುವುದಿಲ್ಲ. 60 ಹರ್ಟ್ಸಿಗೆ ಲೆಕ್ಕಹಾಕಿ ಮಾಡಿದ ಟ್ರಾನ್ಸ್‌ಫಾರ್ಮರಿಗೆ 50 ಹರ್ಟ್ಸಿನಲ್ಲಿ ಅದೇ 120 ವೋಲ್ಟು ಕೊಟ್ಟರೆ ಅದರ ಕಬ್ಬಿಣದಲ್ಲಿ ಕಾಂತತ್ವ ಶೇ. 20ರಷ್ಟು ಹೆಚ್ಚಿ, ಅದು ಗೊಂಯ್‌ಗುಡುತ್ತ ಕಾಯುತ್ತದೆ. ಅದನ್ನು ಸರಿದೂಗಿಸಲು 100 ವೋಲ್ಟಿಗೆ ಇಳಿಸಿದರೆ ವಾಲ್ವುಗಳ 6.3 ವೋಲ್ಟಿನ ಹೀಟರಿಗೆ 5.3ರಷ್ಟೇ ಸಿಕ್ಕಿ ಅವು ಸೊರಗುತ್ತವೆ. ಎಸ್‌ಟಿ-70ಕ್ಕೆಂದೇ 230 ವೋಲ್ಟ್, 50 ಹರ್ಟ್ಸಿಗೆ ಹೊಂದುವ ಪವರ್ ಟ್ರಾನ್ಸ್‌ಫಾರ್ಮರುಗಳು ಸಿಗುತ್ತವೆ. ಅದನ್ನು ಅಲ್ಲಿಯೇ ಕೊಂಡು ತನ್ನಿ, ಮೂಲದ್ದನ್ನು ಎಸೆಯದೆ ಇಟ್ಟುಕೊಳ್ಳಿ. ಪ್ರಯಾಣದಲ್ಲಿ ವಾಲ್ವುಗಳನ್ನು ಕಿತ್ತು ಬೇರೆಯಾಗಿ ಸುತ್ತಿ.

ಇನ್ನೊಂದು ದುರ್ಬಲ ಜಾಗವೆಂದರೆ ಇಎಲ್34ಗಳಿಗೆ ಋಣ ವೋಲ್ಟೇಜ್ ಕೊಡುವ ಸೆಲೆನಿಯಂ ರೆಕ್ಟಿಫೈಯರ್. ಅದು ಮುಪ್ಪಾದಂತೆ ವೋಲ್ಟೇಜ್ ಕುಗ್ಗಿ, ವಾಲ್ವುಗಳು ಕಡಿವಾಣವಿಲ್ಲದೆ ಓಡತೊಡಗುತ್ತವೆ. ಅಲ್ಲಿ 1ಎನ್4007 ಡಯೋಡ್ ಹಾಕಿಸಿ, ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ವಸ್ತು. ಬಳಿಕ ಮುಂಭಾಗದ ಸಾಕೆಟ್ಟುಗಳಲ್ಲಿ ಅಳೆದು, ಪ್ರತಿ ಚಾನಲ್ಲಿಗೆ 1.56 ವೋಲ್ಟು ಬರುವಂತೆ ಹೊಂದಿಸಿಕೊಳ್ಳಿ. ಅಲ್ಲಿನ ರೆಸಿಸ್ಟರು 15.6 ಓಮ್‌ನದ್ದಾದ್ದರಿಂದ ಜೋಡಿಗೆ 100 ಮಿಲಿಆಂಪ್ ಎಂದಾಯಿತು. ಈಗಿನ ಇಎಲ್34ಗಳಿಗೆ ನಾನು ಅದಕ್ಕಿಂತ ಒಂದಿಷ್ಟು ಕಡಿಮೆಯೇ ಇಡುತ್ತೇನೆ. ಕಿವಿಗೆ ವ್ಯತ್ಯಾಸ ತಿಳಿಯದು, ವಾಲ್ವು ಮಾತ್ರ ಹೆಚ್ಚು ಕಾಲ ಬರುತ್ತದೆ.

ಪ್ರಶ್ನೆ: ಮುಚ್ಚಿದ ರೇಡಿಯೋ ಅಂಗಡಿಯೊಂದರಲ್ಲಿ ಬಿಇಎಲ್ ಮುದ್ರೆಯ ಇಎಲ್84, ಇಸಿಸಿ83 ವಾಲ್ವುಗಳು ಪೆಟ್ಟಿಗೆಸಮೇತ ಸಿಕ್ಕಿವೆ. ಇವುಗಳನ್ನು ಬಳಸಬಹುದೇ, ಅಥವಾ ಇಂಗ್ಲೆಂಡಿನ ಮುಲ್ಲಾರ್ಡ್ ಕಂಪನಿಯ ವಾಲ್ವುಗಳನ್ನೇ ತರಿಸಬೇಕೇ? (ಶಿವಮೊಗ್ಗದ ಓದುಗರು)

ಉತ್ತರ: ಧಾರಾಳವಾಗಿ ಬಳಸಿ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1960ರ ದಶಕದಿಂದ ದೇಶದ ರೇಡಿಯೋಗಳಿಗೆ ವಾಲ್ವು ಒದಗಿಸಿದ ಕಾರ್ಖಾನೆ. ಅಲ್ಲಿಯ ಈ ಎರಡೂ ಮಾದರಿಗಳು ನನ್ನ ಮೇಜಿನ ಮೇಲೆ ಎಂದೂ ನಾಚಿಕೆಪಡುವಂತೆ ಮಾಡಿಲ್ಲ. ಗಾಜಿನ ತುದಿಯೊಳಗಿನ ಬೆಳ್ಳಿಬಣ್ಣದ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಅಂಥದ್ದನ್ನು ಎಸೆಯಿರಿ. ಚಾಲೂ ಆದಾಗ ಗಾಜಿನ ಒಳಮೈಯಲ್ಲಿ ಕಾಣುವ ತೆಳು ನೀಲಿ ಬೆಳಕಿಗೆ ಹೆದರಬೇಕಿಲ್ಲ. ಮುಲ್ಲಾರ್ಡ್ ಹೆಸರಿಗೆ ಸಿಗುವ ಬೆಲೆಯಿಂದಾಗಿ ಬೇರೆ ವಾಲ್ವುಗಳ ಮುದ್ರೆ ಅಳಿಸಿ ಆ ಹೆಸರನ್ನು ಅಚ್ಚೊತ್ತಿ ಮಾರುವವರೂ ಇದ್ದಾರೆ. ಆ ಹಣವನ್ನು ಕಂಡೆನ್ಸರುಗಳಿಗೂ ಒಳ್ಳೆಯ ಸಾಕೆಟ್ಟುಗಳಿಗೂ ಹಾಕಿ, ಉಳಿದರೆ ಒಂದು ನಂಬಿಕೆಯ ಮಲ್ಟಿಮೀಟರ್ ಕೊಳ್ಳಿ.