‘ಆ ಕಾಲಕ್ಕೆ ಚೆನ್ನಾಗಿತ್ತು’ ಎಂದರೆ ಸಾಲದು

ಮಾನ್ಯರೇ,

ಹಳೆಯ ಮಾಯಾಮಂತ್ರದ ಚಿತ್ರಗಳು, ವೈಜ್ಞಾನಿಕ ಕಲ್ಪನೆಯ ಚಿತ್ರಗಳು ಮತ್ತು ಹಾಸ್ಯಚಿತ್ರಗಳನ್ನು ಕುರಿತು ನಿಮ್ಮ ಅನಿಸಿಕೆಗಳನ್ನು ಬರೆದು ಕಳಿಸಿರುವ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಆಗುವುದಿಲ್ಲ. ಇಷ್ಟನ್ನು ತಿಳಿಸಿ ಹಸ್ತಪ್ರತಿಯನ್ನು ಹಿಂದಿರುಗಿಸಿದ್ದರೆ ಸಂಪಾದಕನ ಕೆಲಸ ಮುಗಿಯುತ್ತಿತ್ತು. ಆದರೆ ಲೇಖನದ ಕೊನೆಯ ಭಾಗದಲ್ಲಿ ಮಾತಿಲ್ಲದ ಹಾಸ್ಯಚಿತ್ರ ‘ಪುಷ್ಪಕ ವಿಮಾನ’ದ ಬಗ್ಗೆ ನೀವು ಬರೆದಿರುವ ಕೆಲವು ಸಾಲುಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಅಂಥ ಸಾಲುಗಳನ್ನು ಬರೆಯಬಲ್ಲವರು ಉಳಿದ ಪುಟಗಳನ್ನು ಹೀಗೆ ಬರೆಯಬೇಕಾಗಿರಲಿಲ್ಲ ಎನ್ನಿಸಿತು. ಆದ್ದರಿಂದಲೇ ಈ ಪತ್ರ ದೀರ್ಘವಾಗಿದೆ. ಕೆಲವು ಮಾತುಗಳು ನೇರವಾಗಿಯೂ ಇವೆ.

ನಿಮ್ಮ ಲೇಖನದಲ್ಲಿ 14 ಚಿತ್ರಗಳು ಬರುತ್ತವೆ. 1902ರಲ್ಲಿ ಜಾರ್ಜ್ ಮೆಲಿಯೆಸ್ ತೆಗೆದ ಚಂದ್ರಲೋಕದ ಪಯಣದ ಮೂಕಿ ಚಿತ್ರದಿಂದ ಹೊರಟು ಕಾಲಯಂತ್ರದ ಕಥೆಯುಳ್ಳ 1991ರ ತೆಲುಗು ಚಿತ್ರ ‘ಆದಿತ್ಯ 369’ಕ್ಕೆ ಬಂದು ನಿಲ್ಲುತ್ತೀರಿ. ಪ್ರತಿಯೊಂದು ಚಿತ್ರಕ್ಕೂ ಒಂದೇ ಕ್ರಮ: ಮೂರು ಸಾಲಿನ ಕಥೆ, ನಟರ ಹೆಸರು, ಆಮೇಲೆ ‘ಅದ್ಭುತ’, ‘ಪರವಾಗಿಲ್ಲ’, ‘ಬೇಸರ’ ಎಂಬ ತೀರ್ಪು. ನಿಮಗೆ ಚಿತ್ರ ಹಿಡಿಸಿತೋ ಇಲ್ಲವೋ ಎಂಬುದು ಓದುಗನಿಗೆ ತಿಳಿಯುತ್ತದೆ. ಏಕೆ ಹಿಡಿಸಿತು, ತೆರೆಯ ಮೇಲೆ ಯಾವುದನ್ನು ಕಂಡಾಗ ಹಿಡಿಸಿತು ಎಂಬುದು ತಿಳಿಯುವುದೇ ಇಲ್ಲ. ಅಭಿಪ್ರಾಯ ಎಲ್ಲರಿಗೂ ಇರುತ್ತದೆ. ಆ ಅಭಿಪ್ರಾಯ ಹುಟ್ಟಿದ ದೃಶ್ಯವನ್ನು ಓದುಗನ ಮುಂದಿಟ್ಟು, ಅವನೂ ಅದನ್ನು ನೋಡಿ ನಿಮ್ಮೊಡನೆ ಒಪ್ಪುವುದಕ್ಕೋ ಜಗಳವಾಡುವುದಕ್ಕೋ ಅವಕಾಶ ಮಾಡಿಕೊಟ್ಟಾಗ ಮಾತ್ರ ಅದು ಬರಹವಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು, ನೀವು ಮತ್ತೆ ಮತ್ತೆ ಬಳಸಿರುವ ‘ಆ ಕಾಲಕ್ಕೆ ಚೆನ್ನಾಗಿತ್ತು’ ಎಂಬ ಮಾತು. ಮೇಲ್ನೋಟಕ್ಕೆ ಉದಾರವಾಗಿ ಕಾಣುವ ಈ ಮಾತು ಚಿತ್ರವನ್ನು ನೋಡುವ ಹೊಣೆಯಿಂದ ನಮ್ಮನ್ನು ಬಿಡಿಸಿಬಿಡುತ್ತದೆ. ‘ಮಾಯಾಬಜಾರ್’ ಬಗ್ಗೆ ನೀವು ಬರೆದಿರುವುದನ್ನೇ ನೋಡಿ: “ಅದರ ಚಮತ್ಕಾರಗಳು ಈಗ ನಗು ತರಿಸುತ್ತವೆಯಾದರೂ ಆ ಕಾಲಕ್ಕೆ ಚೆನ್ನಾಗಿದ್ದವು, ಪ್ರಿಯದರ್ಶಿನಿ ಎಂಬ ಪೆಟ್ಟಿಗೆಯ ಮೂಲಕ ಇಂದಿನ ವಿಡಿಯೋ ಕರೆಯನ್ನು ಅವರು ಮೊದಲೇ ಊಹಿಸಿದ್ದರು.” ಕೆ.ವಿ. ರೆಡ್ಡಿಯವರು 1957ರಲ್ಲಿ ವಿಜಯಾ ಸಂಸ್ಥೆಗಾಗಿ ತೆಲುಗು, ತಮಿಳು ಎರಡರಲ್ಲೂ ತೆಗೆದ ಆ ಚಿತ್ರದ ಚಮತ್ಕಾರಗಳು ಅಂದೂ ನಗು ತರಿಸುತ್ತಿದ್ದವು, ಏಕೆಂದರೆ ಅವುಗಳನ್ನು ರೂಪಿಸಿದ್ದೇ ನಗಿಸುವುದಕ್ಕಾಗಿ. ಮದುವೆಯ ಊಟದ ಮುಂದೆ ಒಬ್ಬನೇ ಕುಳಿತ ಎಸ್.ವಿ. ರಂಗರಾವ್ ಅವರ ಘಟೋತ್ಕಚನ ಬಾಯಿಗೆ ಲಾಡುಗಳು ತಾವಾಗಿಯೇ ಹೋಗಿ ಬೀಳುವಾಗ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿಯವರು ನಮ್ಮನ್ನು ಬೆರಗುಗೊಳಿಸುವುದಕ್ಕಷ್ಟೇ ಹೊರಟವರಲ್ಲ. ರಾಕ್ಷಸನ ಹಸಿವಿಗೆ ಕೈಯ ವೇಗ ಸಾಲದು ಎಂಬ ತಮಾಷೆಯನ್ನು ಕ್ಯಾಮೆರಾದಿಂದ ಹೇಳಿಸುತ್ತಿದ್ದರು. ಅಲ್ಲಿ ನಕ್ಕ ನೀವು ಚಿತ್ರವನ್ನು ಸರಿಯಾಗಿಯೇ ನೋಡಿದ್ದೀರಿ. ಹಾಗೆ ನಕ್ಕಿದ್ದನ್ನು ಚಿತ್ರದ ಕೊರತೆಯೆಂದು ಬರೆದದ್ದು ಸರಿಯಲ್ಲ.

ಪ್ರಿಯದರ್ಶಿನಿಯ ವಿಷಯವೂ ಹೀಗೆಯೇ. ಆ ಪೆಟ್ಟಿಗೆಯನ್ನು ತೆರೆದವರಿಗೆ ಅವರ ಮನಸ್ಸನ್ನು ಆವರಿಸಿದ್ದು ಕಾಣಿಸುತ್ತದೆ. ಬಲರಾಮನ ಮಗಳು ಶಶಿರೇಖೆಗೆ ಅವಳ ಪ್ರಿಯಕರ ಅಭಿಮನ್ಯು ಕಾಣುತ್ತಾನೆ. ಕೃಷ್ಣ ನೋಡಿದಾಗ ಕಾಣುವವನು ಶಕುನಿ! ಇಡೀ ಮಹಾಭಾರತದ ರಾಜಕಾರಣವನ್ನು, ಆ ಇಬ್ಬರು ತಂತ್ರಗಾರರು ಒಬ್ಬರನ್ನೊಬ್ಬರು ಎಷ್ಟು ಎಚ್ಚರದಿಂದ ಕಾಯುತ್ತಿದ್ದರೆಂಬುದನ್ನು, ಒಂದು ಭಾಷಣವೂ ಇಲ್ಲದೆ ನಗುವಿನಲ್ಲೇ ತಿಳಿಸಿಬಿಡುವ ಕ್ಷಣ ಅದು. ಯುದ್ಧದ ನೆರಳಿನಲ್ಲಿ ನಡೆಯುವ ಈ ಕಥೆಯಲ್ಲಿ ಪಾಂಡವರು ತೆರೆಯ ಮೇಲೆ ಬರುವುದೇ ಇಲ್ಲ ಎಂಬುದನ್ನೂ ಇದರ ಜೊತೆಗಿಟ್ಟು ನೋಡಿ. ವಿಡಿಯೋ ಕರೆಯ ಹೋಲಿಕೆ ಬಂದ ಕೂಡಲೇ ಇದೆಲ್ಲ ಮರೆಯಾಗಿ, ಚಿತ್ರ ಇಂದಿನ ನಮ್ಮ ಸಲಕರಣೆಗಳ ಮುನ್ಸೂಚನೆಯಷ್ಟೇ ಆಗಿ ಉಳಿಯುತ್ತದೆ. ಹಳೆಯ ಚಿತ್ರದ ಬೆಲೆ ಅದು ನಮ್ಮನ್ನು ಊಹಿಸಿತ್ತೋ ಇಲ್ಲವೋ ಎಂಬುದರಲ್ಲಿಲ್ಲ.

ನನ್ನ ಮಟ್ಟಿಗೆ ಆ ಚಿತ್ರದ ಅತಿ ದೊಡ್ಡ ಮಾಯೆಯಲ್ಲಿ ಕ್ಯಾಮೆರಾದ ಕೈವಾಡವೇ ಇಲ್ಲ. ಘಟೋತ್ಕಚ ಶಶಿರೇಖೆಯ ರೂಪ ತಾಳಿದ ಮೇಲೆ ಎರಡು ಪಾತ್ರಗಳನ್ನೂ ಹೊರುವವರು ಸಾವಿತ್ರಿಯವರು. ಮದುಮಗಳ ಸೀರೆ, ಒಡವೆ, ನಾಚಿಕೆ ಎಲ್ಲ ಇದ್ದಂತೆಯೇ ಇರುತ್ತವೆ. ನಡಿಗೆಯಲ್ಲಿ, ಭುಜದ ಬಿಗುವಿನಲ್ಲಿ ಇದ್ದಕ್ಕಿದ್ದಂತೆ ರಂಗರಾವ್ ಕಾಣಿಸಿಕೊಳ್ಳುತ್ತಾರೆ. ಹಾಡಿನ ನಡುವೆ ಪಿ. ಸುಶೀಲಾ ಅವರ ಕಂಠವನ್ನು ಸರಿಸಿ ಘಂಟಸಾಲ ಅವರ ಗಂಡು ದನಿ ನುಗ್ಗುತ್ತದೆ. ಹಸೆಮಣೆಯ ಮೇಲೆ ಮದುಮಗನಾಗಿ ಕುಳಿತ ದುರ್ಯೋಧನನ ಮಗ ಲಕ್ಷ್ಮಣಕುಮಾರನ ಕಾಲನ್ನು ಮದುಮಗಳ ಪಾದ ಒತ್ತಿ ತುಳಿಯುವಾಗ ಅದರಲ್ಲಿ ರಾಕ್ಷಸನ ತೂಕವಿದೆಯೆಂದು ನಾವು ಅನುಮಾನವಿಲ್ಲದೆ ನಂಬುತ್ತೇವೆ. ಈ ದೃಶ್ಯ ಯಾವ ಕಾಲಕ್ಕೆ ಹಳತಾಗುತ್ತದೆ? ನಿಮ್ಮ ಲೇಖನದಲ್ಲಿ ಸಾವಿತ್ರಿಯವರ ಹೆಸರು ನಟರ ಪಟ್ಟಿಯಲ್ಲಿ ಬಂದು ಹೋಗುತ್ತದೆ, ಅಷ್ಟೆ.

ಇದೇ ಮಾತು 1963ರ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ ಚಿತ್ರಕ್ಕೂ ಸಲ್ಲುತ್ತದೆ. ರೇ ಹ್ಯಾರಿಹೌಸೆನ್ ಅವರು ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ, ಒಂದೊಂದೇ ಚೌಕಟ್ಟನ್ನು ಚಿತ್ರಿಸುತ್ತ, ಏಳು ಅಸ್ಥಿಪಂಜರಗಳ ಕತ್ತಿವರಸೆಯೊಂದಕ್ಕೇ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕೊಟ್ಟಿದ್ದರು. ಅವುಗಳ ಚಲನೆ ತಡವರಿಸುತ್ತದೆ ಎಂದು ನೀವು ಆಕ್ಷೇಪಿಸಿದ್ದೀರಿ. ತಡವರಿಸುವುದು ನಿಜ. ಸತ್ತವರ ಮೂಳೆಗಳು ಎದ್ದು ಬಂದರೆ ಅವು ಬದುಕಿರುವವರಂತೆ ಸರಾಗವಾಗಿ ಏಕೆ ನಡೆಯಬೇಕು? ಆ ಬಿಟ್ಟು ಬಿಟ್ಟು ಬರುವ ಚಲನೆಯೇ ನನಗೆ ಇಂದಿಗೂ ಭಯ ತರುತ್ತದೆ. ನೀವು ಇದನ್ನು ಒಪ್ಪದಿರಬಹುದು. ಒಪ್ಪದಿದ್ದರೆ ಅದನ್ನು ಕಾರಣ ಸಮೇತ ಬರೆಯಿರಿ. ನಾನು ಸಂತೋಷದಿಂದ ಓದುತ್ತೇನೆ.

ಇನ್ನು ಸಂಗತಿಗಳ ತಪ್ಪು. ಇದರಲ್ಲಿ ನನಗೆ ರಾಜಿಯಿಲ್ಲ. ಮೆಲ್ ಬ್ರೂಕ್ಸ್ ಅವರ ‘ಯಂಗ್ ಫ್ರಾಂಕೆನ್‌ಸ್ಟೈನ್’ ಹಳೆಯ ಚಿತ್ರವಾದ್ದರಿಂದ ಕಪ್ಪು ಬಿಳುಪಿನಲ್ಲಿದೆ ಎಂದಿದ್ದೀರಿ. ಅದು ತೆರೆಗೆ ಬಂದದ್ದು 1974ರಲ್ಲಿ, ವರ್ಣಚಿತ್ರಗಳೇ ವಾಡಿಕೆಯಾಗಿದ್ದ ಕಾಲದಲ್ಲಿ. ಕಪ್ಪು ಬಿಳುಪಿಗೆ ಒಂದು ಸ್ಟುಡಿಯೋ ಒಪ್ಪಲಿಲ್ಲವೆಂದು ಬ್ರೂಕ್ಸ್ ಇನ್ನೊಂದು ಸ್ಟುಡಿಯೋಗೆ ಹೋದರು. 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರಕ್ಕಾಗಿ ಕೆನೆತ್ ಸ್ಟ್ರಿಕ್‌ಫೇಡನ್ ಮಾಡಿದ್ದ ಪ್ರಯೋಗಾಲಯದ ಕಿಡಿ ಹಾರುವ ಯಂತ್ರಗಳನ್ನೇ ಹುಡುಕಿ ತರಿಸಿ ಬಳಸಿದರು. ತಾನು ಯಾವ ಚಿತ್ರವನ್ನು ಗೇಲಿ ಮಾಡುತ್ತಿದೆಯೋ ಅದರ ಮೇಲೆ ಅಷ್ಟು ಪ್ರೀತಿಯಿಟ್ಟುಕೊಂಡಿರುವ ಹಾಸ್ಯಚಿತ್ರ ಅದು. ಇಷ್ಟು ತಿಳಿದಿದ್ದರೆ ಆ ಭಾಗವನ್ನು ನೀವು ಪೂರ್ತಿ ಬೇರೆಯಾಗಿಯೇ ಬರೆಯುತ್ತಿದ್ದಿರಿ.

ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ ಮನುಷ್ಯ ಚಂದ್ರನ ಮೇಲೆ ಇಳಿದ ಉತ್ಸಾಹದಲ್ಲಿ ತಯಾರಾಯಿತೆಂದಿದ್ದೀರಿ. ಆ ಚಿತ್ರ ಬಿಡುಗಡೆಯಾದದ್ದು 1968ರ ಏಪ್ರಿಲ್‌ನಲ್ಲಿ, ಚಂದ್ರನ ಮೇಲೆ ಮನುಷ್ಯ ಕಾಲಿಟ್ಟದ್ದು 1969ರ ಜುಲೈನಲ್ಲಿ. ಯಾರೂ ಹೋಗಿ ಬಂದು ಹೇಳದಿದ್ದ ನೆಲವನ್ನು ಅವರು ಕಲ್ಪಿಸಿದ್ದರು. ಆ ಚಿತ್ರ ನಿಮಗೆ ಬೇಸರ ತರಿಸಿತೆಂಬ ಮಾತನ್ನು ಮಾತ್ರ ತೆಗೆಯಬೇಡಿ. ದೊಡ್ಡ ಹೆಸರಿಗೆ ಅಂಜಿ ಹೊಗಳುವ ಲೇಖನಗಳು ನಮಗೆ ಬೇಕಾದಷ್ಟು ಬರುತ್ತವೆ. ಮೊದಲ 25 ನಿಮಿಷಗಳಷ್ಟು ಕಾಲ ಒಂದೂ ಸಂಭಾಷಣೆಯಿಲ್ಲದೆ ಸಾಗುವ ಚಿತ್ರದಲ್ಲಿ ಬೇಸರ ಸಹಜವೇ. ಎಲ್ಲಿ ಶುರುವಾಯಿತು, ಅಲ್ಲಿ ನೀವು ಏನನ್ನು ಬಯಸುತ್ತಿದ್ದಿರಿ, ಚಿತ್ರ ಅದಕ್ಕೆ ಬದಲು ಏನನ್ನು ಕೊಡುತ್ತಿತ್ತು ಎಂಬುದನ್ನು ಹೇಳಿದರೆ ಆ ಬೇಸರಕ್ಕೂ ಬೆಲೆ ಬರುತ್ತದೆ.

1940ರ ‘ದಿ ಥೀಫ್ ಆಫ್ ಬಾಗ್ದಾದ್’ನ ಕಳ್ಳ ಹುಡುಗ ಸಾಬುವನ್ನು ‘ಅರಬ್ ಬಾಲನಟ’ ಎಂದು ಕರೆದಿರುವುದನ್ನು ಓದಿ ನಿಜಕ್ಕೂ ನೋವಾಯಿತು. ಸಾಬು ಹುಟ್ಟಿದ್ದು ಮೈಸೂರು ಸೀಮೆಯ ಕಾರಾಪುರದಲ್ಲಿ, 1924ರಲ್ಲಿ, ಮಾವುತನ ಮಗನಾಗಿ. 1937ರ ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ಆಯ್ಕೆಯಾಗಿ ಅಲ್ಲಿಂದ ಇಂಗ್ಲೆಂಡಿಗೆ, ಬಳಿಕ ಅಮೆರಿಕಕ್ಕೆ ಹೋದ ಹುಡುಗ ಅವನು. ‘ಥೀಫ್’ ಚಿತ್ರೀಕರಣದ ನಡುವೆ ಮಹಾಯುದ್ಧ ಶುರುವಾದ್ದರಿಂದ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಉಳಿದ ಭಾಗವನ್ನು ಅಮೆರಿಕಕ್ಕೆ ಒಯ್ದು ಮುಗಿಸಿದರು; ನಿರ್ದೇಶಕರೆಂದು ಮೂವರ ಹೆಸರಿದೆ; ಛಾಯಾಗ್ರಹಣ, ಕಲಾ ನಿರ್ದೇಶನ ಮತ್ತು ವಿಶೇಷ ಪರಿಣಾಮಗಳಿಗೆ ಮೂರು ಆಸ್ಕರ್ ಬಂದವು. ಇವೆಲ್ಲ ಪಕ್ಕಕ್ಕಿರಲಿ. ಸಮುದ್ರತೀರದಲ್ಲಿ ಸೀಸೆಯಿಂದ ಹೊರಬಂದ ದೈತ್ಯ ತುಳಿಯಲು ಪಾದ ಎತ್ತಿದಾಗ, ಇಷ್ಟು ದೊಡ್ಡವನು ಇಷ್ಟು ಸಣ್ಣ ಸೀಸೆಯಲ್ಲಿದ್ದೆ ಎಂದರೆ ನಂಬಲಾಗದು ಎಂದು ಹೇಳಿ ಅವನನ್ನು ಮತ್ತೆ ಒಳಗೆ ಹೋಗಿಸುವ ಹುಡುಗನ ಮುಖವನ್ನು ನೋಡಿ. ಆನೆಯ ಪಕ್ಕದಲ್ಲಿ ಬೆಳೆದವನಿಗೆ ತನಗಿಂತ ಬಹು ದೊಡ್ಡದಾದ ಜೀವದೊಡನೆ ವ್ಯವಹರಿಸುವುದು ಹೊಸತಲ್ಲವೇನೋ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಇದು ನನ್ನ ಊಹೆ ಮಾತ್ರ. ಆದರೂ ಕನ್ನಡದಲ್ಲಿ ಈ ಚಿತ್ರದ ಬಗ್ಗೆ ಬರೆಯುವವರು ಕಾರಾಪುರವನ್ನು ಮರೆಯಬಾರದು.

ಈಗ ‘ಪುಷ್ಪಕ ವಿಮಾನ’ದ ಆ ಸಾಲುಗಳು. ನೀವು ಬರೆದದ್ದು ಹೀಗಿದೆ: “ದೊಡ್ಡ ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲಿ ನಾಯಕನಿಗೆ ನಿದ್ದೆ ಹತ್ತುವುದಿಲ್ಲ. ತನ್ನ ಹಳೆಯ ಕೋಣೆಯ ಪಕ್ಕದ ಚಿತ್ರಮಂದಿರದ ಗದ್ದಲವನ್ನು ಟೇಪ್ ಮಾಡಿಕೊಂಡು ಬಂದು ಹಾಕಿದ ಮೇಲಷ್ಟೇ ಕಣ್ಣು ಮುಚ್ಚುತ್ತಾನೆ. ಯಾರೂ ಮಾತಾಡದ ಚಿತ್ರದಲ್ಲಿ ಅವನು ಎಲ್ಲಿಯವನೆಂದು ಆ ಗದ್ದಲ ಹೇಳಿತು.” ಈ ಸಾಲುಗಳಲ್ಲಿ ‘ಅದ್ಭುತ’ ಎಂಬ ಪದವಿಲ್ಲ, ಅದರ ಅಗತ್ಯವೂ ಕಾಣಲಿಲ್ಲ. ಹಾಸ್ಯದ ಬಗ್ಗೆ ಬರೆಯುವುದು ಬಹಳ ಕಷ್ಟ. ತಮಾಷೆಯನ್ನು ಮತ್ತೆ ಹೇಳಿದರೆ ಅದು ಸಪ್ಪೆಯಾಗುತ್ತದೆ, ‘ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ’ ಎಂದರೆ ಓದುಗನಿಗೆ ಏನೂ ಸಿಗುವುದಿಲ್ಲ. ನೀವು ತಮಾಷೆಯ ಒಳಗಿನ ಹೆಣಿಗೆಯನ್ನು ತೋರಿಸಿದ್ದೀರಿ. ಅದೇ ಚಿತ್ರದಲ್ಲಿ ಟಿನ್ನು ಆನಂದ್ ಅವರ ಬಾಡಿಗೆ ಕೊಲೆಗಾರ ಮಂಜುಗಡ್ಡೆಯ ಬಾಕು ಹಿಡಿದು ಬರುತ್ತಾನೆ. ಸುಳಿವು ಉಳಿಯಬಾರದೆಂದು ಆರಿಸಿಕೊಂಡ ಆಯುಧ ಇರಿಯುವ ಮೊದಲೇ ಕರಗುತ್ತದೆ. ಅವನ ಜಾಣತನವೇ ಅವನಿಗೆ ಅಡ್ಡಿಯಾಗುತ್ತದೆ. ನೀವು ಇದನ್ನು ಒಂದು ಸಾಲಿನಲ್ಲಿ ದಾಟಿ ಹೋದದ್ದೇಕೆ?

ನನ್ನ ಸಲಹೆ ಇಷ್ಟು. 14 ಚಿತ್ರಗಳನ್ನು ಬಿಟ್ಟು ಮೂರನ್ನು ಉಳಿಸಿಕೊಳ್ಳಿ: ‘ಮಾಯಾಬಜಾರ್’, ‘ಪುಷ್ಪಕ ವಿಮಾನ’, ‘ಆದಿತ್ಯ 369’. ಒಂದು ಮಾಯಾಮಂತ್ರದ್ದು, ಒಂದು ಹಾಸ್ಯದ್ದು, ಒಂದು ವೈಜ್ಞಾನಿಕ ಕಲ್ಪನೆಯದು. ಮೂರರ ಹಿಂದೆಯೂ ಒಬ್ಬರೇ ಇದ್ದಾರೆಂಬುದನ್ನು ನಿಮ್ಮ ಲೇಖನ ಗಮನಿಸಿಲ್ಲ. ಕೆ.ವಿ. ರೆಡ್ಡಿಯವರ ಬಳಿ ‘ಮಾಯಾಬಜಾರ್’ಗೆ ಸಹಾಯಕರಾಗಿದ್ದ ಸಿಂಗೀತಂ ಶ್ರೀನಿವಾಸರಾವ್ ಅವರೇ ಮುಂದೆ ನಮ್ಮಲ್ಲಿ ‘ಹಾಲು ಜೇನು’, ‘ಚಲಿಸುವ ಮೋಡಗಳು’ ನಿರ್ದೇಶಿಸಿದರು, 1987ರಲ್ಲಿ ಬೆಂಗಳೂರಿನಲ್ಲಿ ಮಾತಿಲ್ಲದ ‘ಪುಷ್ಪಕ ವಿಮಾನ’ವನ್ನು ಮಾಡಿದರು, ನಾಲ್ಕು ವರ್ಷಗಳ ನಂತರ ಕಾಲಯಂತ್ರವನ್ನೇರಿದರು. ಗುರುವಿನಿಂದ ಶಿಷ್ಯನಿಗೆ ಏನು ಬಂತು ಎಂದು ಹುಡುಕುವುದು ನಿಮ್ಮ ಕೆಲಸ. ಅಸಂಭವವಾದ ಒಂದು ವಸ್ತುವನ್ನು ತಂದು ತೀರಾ ಸಾಮಾನ್ಯ ಮನುಷ್ಯರ ಕೈಗೆ ಕೊಟ್ಟು, ಅವರ ಸ್ವಭಾವ ಹೇಗೆ ಹೊರಬೀಳುತ್ತದೆಂದು ನೋಡುವ ಕುತೂಹಲ ಮೂರರಲ್ಲೂ ಇದೆಯೆಂಬುದು ನನ್ನ ಅನುಮಾನ.

‘ಆದಿತ್ಯ 369’ರ ಮಟ್ಟಿಗೆ ನೀವು ಕನ್ನಡದ ಪ್ರೇಕ್ಷಕರಾಗಿ ಮಾತ್ರ ಹೇಳಬಹುದಾದ ಒಂದು ವಿಷಯವಿದೆ. ಆ ಯಂತ್ರ ಹಿಂದಕ್ಕೆ ಹೋಗಿ ಇಳಿಯುವುದು 1526ರ ವಿಜಯನಗರದಲ್ಲಿ. ಕೃಷ್ಣದೇವರಾಯನಾಗಿ ಬಾಲಕೃಷ್ಣ, ಅವನ ಆಸ್ಥಾನಕ್ಕೆ ಇಪ್ಪತ್ತನೆಯ ಶತಮಾನದಿಂದ ಬಂದಿಳಿಯುವ ಯುವಕನಾಗಿಯೂ ಅವರೇ. ನಮ್ಮ ಕಣ್ಣಿನಲ್ಲಿ ಅದಾಗಲೇ ಇನ್ನೊಬ್ಬ ರಾಯ ಕುಳಿತಿದ್ದಾನೆ: ಬಿ.ಆರ್. ಪಂತುಲು ಅವರ 1970ರ ‘ಶ್ರೀ ಕೃಷ್ಣದೇವರಾಯ’ದ ರಾಜಕುಮಾರ್. ಪಂತುಲು ಚಿತ್ರದಲ್ಲಿ ರಾಯನೇ ಇಡೀ ಲೋಕ. ಸಿಂಗೀತಂ ಚಿತ್ರದಲ್ಲಿ ಆ ಲೋಕಕ್ಕೆ ಪ್ರವಾಸಿಯೊಬ್ಬ ಬಂದಿದ್ದಾನೆ, ಸಿಂಹಾಸನವನ್ನು ಕೆಳಗಿನಿಂದ ನೋಡುತ್ತಾನೆ. ಹಂಪಿಯ ಬಯಲಿನಲ್ಲಿ ಮುರಿದ ಕಂಬಗಳ ನಡುವೆ ನಿಂತವರೆಲ್ಲ ಒಮ್ಮೆ ಬಯಸಿರಬಹುದಾದದ್ದನ್ನು ಆ ಯಂತ್ರ ನಡೆಸಿಕೊಡುತ್ತದೆ. 2504ರ ಭವಿಷ್ಯದ ಭಾಗ ಇದರ ಮುಂದೆ ನನಗೆ ತೆಳುವಾಗಿ ಕಾಣುತ್ತದೆ. ನೀವು ಅದನ್ನೇ ಹೆಚ್ಚು ಮೆಚ್ಚಿದ್ದೀರಿ. ಆ ಮೆಚ್ಚುಗೆಯನ್ನು ಬಿಟ್ಟುಕೊಡಬೇಡಿ. ನನ್ನನ್ನು ಒಪ್ಪಿಸುವಂತೆ ಬರೆಯಿರಿ.

ಚಿತ್ರಗಳನ್ನು ಮತ್ತೊಮ್ಮೆ ನೋಡಿ, ನೆನಪಿನಿಂದ ಬರೆಯಬೇಡಿ. ಕಥೆಯ ಸಾರಾಂಶ ಒಂದೆರಡು ವಾಕ್ಯಗಳನ್ನು ಮೀರುವುದು ಬೇಡ. ಲೇಖನ ಸುಮಾರು 1,800 ಪದಗಳಲ್ಲಿರಲಿ. ಇಸವಿ, ಹೆಸರುಗಳನ್ನು ಕಳಿಸುವ ಮೊದಲು ಪರಿಶೀಲಿಸಿ, ಏಕೆಂದರೆ ನಾವೂ ಪರಿಶೀಲಿಸುತ್ತೇವೆ. ಹಸ್ತಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿರುವ ಕಡೆಗಳಲ್ಲಿ ನನ್ನ ಪ್ರಶ್ನೆಗಳಿವೆ, ಎಲ್ಲಕ್ಕೂ ಉತ್ತರಿಸಬೇಕಾಗಿಲ್ಲ. ಸಾಬು ಕುರಿತು ಬೇರೆಯದೇ ಲೇಖನ ಬರೆಯುವ ಮನಸ್ಸಾದರೆ ಅದನ್ನೂ ಕಳಿಸಿ, ಆದರೆ ಮೊದಲು ಈ ಮೂರು ಚಿತ್ರಗಳದ್ದು ಬರಲಿ.

ವಿಶ್ವಾಸದಿಂದ,
ಸಂಪಾದಕ