ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬರೆಯುವ ಮುನ್ನ

ಪ್ರಶ್ನೆ: ನಮ್ಮೂರು ಹೆದ್ದಾರಿ ಪಕ್ಕದಲ್ಲಿದೆ. ಬಸ್ ಸ್ಟಾಪ್ ಎದುರು ರಸ್ತೆ ದಾಟುವಾಗ ಎರಡು ವರ್ಷದಲ್ಲಿ ಮೂವರು ತೀರಿಕೊಂಡರು. ಪಂಚಾಯಿತಿಗೆ ಹೇಳಿದೆವು, ಶಾಸಕರಿಗೂ ಮನವಿ ಕೊಟ್ಟೆವು. ಈಗ ಯಾರೋ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬರೆಯಿರಿ ಎನ್ನುತ್ತಿದ್ದಾರೆ. ಅದರಲ್ಲಿ ಯಾರಿರುತ್ತಾರೆ? ಅದಕ್ಕೆ ಅಧಿಕಾರವಾದರೂ ಇದೆಯೇ?

ಉತ್ತರ: ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 215 ಮೂರು ಹಂತದ ವ್ಯವಸ್ಥೆ ಹೇಳುತ್ತದೆ: ದೇಶಕ್ಕೆ ರಾಷ್ಟ್ರೀಯ ರಸ್ತೆ ಸುರಕ್ಷತಾ ಮಂಡಳಿ, ರಾಜ್ಯಕ್ಕೊಂದು ಮಂಡಳಿ, ಪ್ರತಿ ಜಿಲ್ಲೆಗೊಂದು ಸಮಿತಿ. ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಎಸ್‌ಪಿ, ಲೋಕೋಪಯೋಗಿ ಇಲಾಖೆ, ರಾಷ್ಟ್ರೀಯ ಹೆದ್ದಾರಿ, ಆರ್‌ಟಿಒ, ಆರೋಗ್ಯ ಇಲಾಖೆ ಮತ್ತು ನಗರಸಭೆಯಂಥ ಸ್ಥಳೀಯ ಸಂಸ್ಥೆಗಳ ಅಧಿಕಾರಿಗಳು ಕೂರುತ್ತಾರೆ. ಸುಪ್ರೀಂ ಕೋರ್ಟ್ 2017ರ ನವೆಂಬರ್ 30ರ ಆದೇಶದಲ್ಲಿ ಇಂಥ ಸಮಿತಿ ಎಲ್ಲ ಜಿಲ್ಲೆಗಳಲ್ಲೂ ಇರಬೇಕು, ನಿಯಮಿತವಾಗಿ ಸಭೆ ಸೇರಬೇಕು ಎಂದು ಹೇಳಿತು.

ಅಧಿಕಾರದ ವಿಷಯ ನೇರವಾಗಿ ಹೇಳುತ್ತೇವೆ: ಸಮಿತಿ ಸಲಹೆ ಕೊಡುತ್ತದೆ, ಪರಿಶೀಲಿಸುತ್ತದೆ. ಅದರ ಕೈಯಲ್ಲಿ ಡಾಂಬರೂ ಇಲ್ಲ, ಟೆಂಡರೂ ಇಲ್ಲ. ರಸ್ತೆ ಯಾರದೋ ಕೆಲಸ ಅವರದೇ. ಆದರೂ ಇದಕ್ಕೆ ಬರೆಯಲೇಬೇಕು. ನಿಮ್ಮ ಬಸ್ ಸ್ಟಾಪಿನ ಸಮಸ್ಯೆ ಪೊಲೀಸರಿಗೆ ಕೇಸು, ಇಂಜಿನಿಯರಿಗೆ ರಸ್ತೆ, ಡಾಕ್ಟರಿಗೆ ಗಾಯಾಳು. ಮೂವರೂ ಒಂದೇ ಮೇಜಿನ ಸುತ್ತ ಕೂತು ಅದನ್ನು ಒಂದೇ ಜಾಗವಾಗಿ ನೋಡುವುದು ಈ ಸಭೆಯಲ್ಲಿ. ಅಲ್ಲಿ ಜಿಲ್ಲಾಧಿಕಾರಿ ಹೇಳಿದ್ದು ನಡಾವಳಿಗೆ ಸೇರಿದರೆ, ಸಂಬಂಧಪಟ್ಟ ಇಲಾಖೆ ಮುಂದಿನ ಸಭೆಗೆ ಅನುಪಾಲನಾ ವರದಿ, ಅಂದರೆ ಹೇಳಿದ್ದನ್ನು ಎಷ್ಟು ಮಾಡಿದೆ ಎಂಬ ವರದಿ, ಕೊಡಬೇಕಾಗುತ್ತದೆ. ನಿಮ್ಮ ಗುರಿ ಆ ನಡಾವಳಿಯ ಒಂದು ಸಾಲು.

ಪ್ರಶ್ನೆ: ಮನವಿಯಲ್ಲಿ ಏನೇನು ಇರಬೇಕು? ಹಿಂದೆ ಕೊಟ್ಟ ಅರ್ಜಿಗೆ 'ಪರಿಶೀಲಿಸಲಾಗುವುದು' ಎಂಬ ಉತ್ತರ ಬಂತು, ಅಷ್ಟೇ.

ಉತ್ತರ: 'ಪದೇ ಪದೇ ಅಪಘಾತ ಆಗುತ್ತಿದೆ, ಕ್ರಮ ಕೈಗೊಳ್ಳಿ' ಎಂದು ಬರೆದರೆ ಬರುವ ಉತ್ತರವೂ ಅಷ್ಟೇ ಮೊಗಮ್ಮಾಗಿರುತ್ತದೆ. ಸಮಿತಿ ಕೇಳುವುದು ಜಾಗ ಮತ್ತು ಲೆಕ್ಕ.

ಮೊದಲು ರಸ್ತೆ ಯಾರದು ಎಂದು ತಿಳಿಯಿರಿ. ಕಿಲೋಮೀಟರ್ ಕಲ್ಲಿನ ನೆತ್ತಿ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಆ ಕಲ್ಲಿನಿಂದ ನಿಮ್ಮ ಸ್ಟಾಪು ಎಷ್ಟು ಮೀಟರ್, ಯಾವ ದಿಕ್ಕಿಗೆ ಎಂದು ಅಳೆದು ಬರೆಯಿರಿ. ನಡುವೆ 200 ಮೀಟರಿಗೊಂದು ಸಣ್ಣ ಕಲ್ಲಿದ್ದರೆ ಕೆಲಸ ಇನ್ನೂ ಸುಲಭ. ಮೊಬೈಲ್ ಮ್ಯಾಪಿನ ಅಕ್ಷಾಂಶ ರೇಖಾಂಶವನ್ನೂ ಸೇರಿಸಿ.

ಇನ್ನು ಲೆಕ್ಕ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ ಬ್ಲಾಕ್‌ಸ್ಪಾಟ್ ಎಂದರೆ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ, ಹಿಂದಿನ 3 ಕ್ಯಾಲೆಂಡರ್ ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು. ನಿಮ್ಮದು ಮೂರು ಸಾವು. ಅಷ್ಟನ್ನೇ ಬರೆದರೆ ಮಾನದಂಡಕ್ಕೆ ಬರುವುದಿಲ್ಲ ಎಂದು ಕಡತ ಮುಚ್ಚಬಹುದು. ಕಾಲು ಮುರಿದುಕೊಂಡವರು, ತಲೆಗೆ ಪೆಟ್ಟಾದವರು ಇದ್ದೇ ಇರುತ್ತಾರೆ. ಅವರನ್ನು ಸೇರಿಸಿ, ಸ್ಟಾಪಿನ ಎರಡೂ ಕಡೆ ಕೂಡಿ 500 ಮೀಟರ್ ನೋಡಿ.

ಇದಕ್ಕೆ ಠಾಣೆಯ ಎಫ್‌ಐಆರ್ ವಿವರ ಬೇಕು. ಇಲ್ಲಿ ಮೂರು ಕಡೆ ಲೆಕ್ಕ ತಪ್ಪುತ್ತದೆ. ಒಂದು, ಕಾನೂನು ಬದಲಾಗಿದೆ. 2024ರ ಜುಲೈ 1ಕ್ಕಿಂತ ಮುಂಚಿನ ಕೇಸುಗಳು ಹಳೆಯ ದಂಡ ಸಂಹಿತೆ ಐಪಿಸಿಯ 304ಎ (ನಿರ್ಲಕ್ಷ್ಯದಿಂದ ಸಾವು) ಮತ್ತು 338ರಲ್ಲಿವೆ (ತೀವ್ರ ಗಾಯ), ಅನಂತರದವು ಭಾರತೀಯ ನ್ಯಾಯ ಸಂಹಿತೆಯ 106(1) ಮತ್ತು 125(ಬಿ)ಯಲ್ಲಿ. ಒಂದನ್ನೇ ಕೇಳಿದರೆ ಕೆಲವು ಕೇಸು ಕೈಬಿಟ್ಟು ಹೋಗುತ್ತವೆ. ಎರಡು, ಗಾಯಾಳು ವಾರ ಬಿಟ್ಟು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಎಫ್‌ಐಆರ್‌ನಲ್ಲಿ ಗಾಯದ ಸೆಕ್ಷನ್ ಮಾತ್ರ ಇರುತ್ತದೆ, ಸಾವು ಅನಂತರದ ಕಾಗದಗಳಲ್ಲಿ ಬಂದಿರುತ್ತದೆ. ಊರಿನವರಿಗೆ ಗೊತ್ತಿರುವ ಸಾವುಗಳ ದಿನಾಂಕ ಬರೆದುಕೊಂಡು ಒಂದೊಂದಾಗಿ ತಾಳೆ ನೋಡಿ. ಮೂರು, ಒಂದು ಎಫ್‌ಐಆರ್‌ನಲ್ಲಿ 'ಪೆಟ್ರೋಲ್ ಬಂಕ್ ಹತ್ತಿರ' ಎಂದಿರುತ್ತದೆ, ಇನ್ನೊಂದರಲ್ಲಿ 'ಶಾಲೆ ಮುಂದೆ' ಎಂದಿರುತ್ತದೆ, ಮತ್ತೊಂದರಲ್ಲಿ ಪಕ್ಕದೂರಿನ ಹೆಸರು. ಜಾಗ ಒಂದೇ ಆದರೂ ಕಾಗದದಲ್ಲಿ ಮೂರು ಊರಿಗೆ ಹಂಚಿಹೋಗುತ್ತದೆ. ಮಹಜರಿನ ನಕ್ಷೆ ನೋಡಿದರೆ ಇದು ಬಗೆಹರಿಯುತ್ತದೆ.

ಕಾರಣವನ್ನೂ ಒಮ್ಮೆ ನೀವೇ ನೋಡಿ. 80 ಕಿ.ಮೀ. ವೇಗದ ವಾಹನಕ್ಕೆ ಬ್ರೇಕ್ ಹಾಕಿ ನಿಲ್ಲಲು ಸುಮಾರು 120 ಮೀಟರ್, 60ಕ್ಕೆ 80 ಮೀಟರ್ ಮುಂಚೆಯೇ ಅಡ್ಡಿ ಕಾಣಬೇಕು ಎಂಬುದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕ. ಚಾಲಕನ ಕಣ್ಣಿನ ಎತ್ತರವನ್ನು 1.2 ಮೀಟರ್ ಎಂದು ಹಿಡಿಯುತ್ತಾರೆ. ಡಾಂಬರಿಗೆ ಇಳಿಯದೆ, ಮಣ್ಣಿನ ಅಂಚಿನಲ್ಲೇ, ವಾಹನ ಬರುವ ಕಡೆ 120 ಮೀಟರ್ ದೂರ ಹೋಗಿ. ಕಣ್ಣು ಎದೆಮಟ್ಟಕ್ಕೆ ಬರುವಷ್ಟು ಬಗ್ಗಿ ಸ್ಟಾಪಿನ ಕಡೆ ನೋಡಿ. ಅಲ್ಲಿ ನಿಂತ ಶಾಲಾ ಹುಡುಗಿ ಕಾಣುತ್ತಾಳೆಯೇ? ಬಳ್ಳಾರಿ ಜಾಲಿ ಗಿಡವೋ, ಹುಟ್ಟುಹಬ್ಬದ ಫ್ಲೆಕ್ಸೋ, ನಿಂತ ಲಾರಿಯೋ ಅಡ್ಡ ಬರುತ್ತದೆಯೇ? ಅಲ್ಲಿಂದಲೇ ಫೋಟೊ ತೆಗೆಯಿರಿ. ಸಂಜೆ ಏಳರ ನಂತರ ಇನ್ನೊಂದು. ಹತ್ತು ಪುಟದ ಮನವಿಗಿಂತ ಈ ಎರಡು ಫೋಟೊ ಹೆಚ್ಚು ಕೆಲಸ ಮಾಡುತ್ತವೆ.

ಬೇಡಿಕೆಯನ್ನು ಎರಡಾಗಿ ಬರೆಯಿರಿ. ಗಿಡ ಕತ್ತರಿಸುವುದು, ಎಚ್ಚರಿಕೆ ಫಲಕ, ಪಟ್ಟಿ ಬಳಿಯುವುದು, ರಾತ್ರಿ ಹೊಳೆಯುವ ಸ್ಟಡ್, ಒಂದು ದೀಪ: ಇವು ತಕ್ಷಣದವು, ಅಗ್ಗದವು. ಕೆಳಸೇತುವೆ, ಜಂಕ್ಷನ್ ಬದಲಾವಣೆ ದೀರ್ಘಕಾಲದವು, ಯೋಜನಾ ವರದಿ ಆಗಬೇಕು. ಎಲ್ಲ ಒಟ್ಟಿಗೆ ಬರೆದರೆ ಕೆಳಸೇತುವೆ ಪ್ರಸ್ತಾವದ ಜೊತೆ ಎಚ್ಚರಿಕೆ ಫಲಕವೂ ವರ್ಷಗಟ್ಟಲೆ ಕಾಯುತ್ತದೆ.

ಮನವಿಯನ್ನು ಸಮಿತಿ ಅಧ್ಯಕ್ಷರ ಹೆಸರಿಗೆ ಬರೆದು, ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲು ಕೋರಿ. ಪ್ರತಿಗಳು ಸದಸ್ಯ ಕಾರ್ಯದರ್ಶಿಗೆ, ಎಸ್‌ಪಿಗೆ, ರಸ್ತೆಯ ಕಾರ್ಯಪಾಲಕ ಇಂಜಿನಿಯರಿಗೆ ಹೋಗಲಿ. ಟಪಾಲು ಶಾಖೆಯ ಸೀಲು ಹಾಕಿದ ಸ್ವೀಕೃತಿ ಪ್ರತಿಯನ್ನು ಜೋಪಾನ ಮಾಡಿ.

ಪ್ರಶ್ನೆ: ಒಂದು ಹಂಪ್ ಹಾಕಿದರೆ ಸಾಲದೇ?

ಉತ್ತರ: ರಾಷ್ಟ್ರೀಯ ಹೆದ್ದಾರಿಯಾದರೆ ಹಂಪ್ ಕೇಳಬೇಡಿ. ಕೇಂದ್ರ ಸಚಿವಾಲಯದ ನಿಲುವು ಅದಕ್ಕೆ ವಿರುದ್ಧ, ಆ ಒಂದೇ ಕಾರಣಕ್ಕೆ ನಿಮ್ಮ ಇಡೀ ಅರ್ಜಿ ಬೀಳಬಹುದು. ಊರೊಳಗಿನ ರಸ್ತೆಯಲ್ಲಿ ಹಾಕುವುದಾದರೂ ಅಳತೆ ಇದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮೇಲ್ಮೈ ಕಮಾನಿನಂತೆ. ಅದನ್ನು 25 ಕಿ.ಮೀ. ವೇಗದಲ್ಲಿ ದಾಟುವಂತೆ ಲೆಕ್ಕ ಹಾಕಿದ್ದು. ರಾತ್ರೋರಾತ್ರಿ ಮಣ್ಣು, ಜಲ್ಲಿ ಗುಡ್ಡೆ ಹಾಕಿ ಬಣ್ಣ ಬಳಿಯದೆ ಬಿಟ್ಟ ಉಬ್ಬು ಕತ್ತಲಲ್ಲಿ ಬೈಕಿನವರ ಜೀವ ತೆಗೆಯುತ್ತದೆ. ದಯವಿಟ್ಟು ಊರಿನವರು ಅದಕ್ಕೆ ಕೈಹಾಕಬೇಡಿ.

ಪ್ರಶ್ನೆ: ಸಾಮಾನ್ಯ ಜನ ಸಮಿತಿಯ ಸದಸ್ಯರಾಗಬಹುದೇ? ರಾಷ್ಟ್ರೀಯ ರಸ್ತೆ ಸುರಕ್ಷತಾ ಬೋರ್ಡ್ ಎಂದೂ ಕೇಳಿದ್ದೇವೆ, ಅದೇನು?

ಉತ್ತರ: ಅಧಿಕಾರಿಗಳು ಹುದ್ದೆಯ ಬಲದಿಂದ ಸದಸ್ಯರು. ಸಂಘಸಂಸ್ಥೆಗಳವರನ್ನು, ತಜ್ಞರನ್ನು ಅಧಿಕಾರೇತರ ಸದಸ್ಯರಾಗಿ ತೆಗೆದುಕೊಳ್ಳುವುದುಂಟು, ಆದರೆ ಹಕ್ಕಿನಿಂದ ಕೇಳಲಾಗದು. ನಿಮ್ಮ ವಿಷಯ ಚರ್ಚೆಗೆ ಬರುವ ದಿನ ವಿಶೇಷ ಆಹ್ವಾನಿತರಾಗಿ ಕರೆಯಿರಿ ಎಂದು ಜಿಲ್ಲಾಧಿಕಾರಿಯನ್ನು ಕೋರುವುದು ಹೆಚ್ಚು ಫಲಕಾರಿ.

ಬೋರ್ಡ್ ಬೇರೆಯದೇ ಸಂಸ್ಥೆ. 2019ರ ತಿದ್ದುಪಡಿ ಸೆಕ್ಷನ್ 215ಬಿ ಸೇರಿಸಿತು, 2021ರಲ್ಲಿ ನಿಯಮಗಳು ಬಂದವು. ಅಧ್ಯಕ್ಷರಲ್ಲದೆ ಮೂವರಿಗೆ ಕಡಿಮೆಯಿಲ್ಲದೆ, ಏಳು ಮಂದಿಗೆ ಮೀರದೆ ಸದಸ್ಯರಿರಬೇಕು. ವಾಹನದ ವಿನ್ಯಾಸ, ರಸ್ತೆಯ ಮಾನದಂಡ, ಪಾದಚಾರಿಗಳಂಥ ದುರ್ಬಲ ಬಳಕೆದಾರರ ಸುರಕ್ಷತೆ ಕುರಿತು ಸರ್ಕಾರಗಳಿಗೆ ಸಲಹೆ ಕೊಡುವುದು ಅದರ ಕೆಲಸ. ನಿಮ್ಮ ಬಸ್ ಸ್ಟಾಪಿನ ಅರ್ಜಿ ಅಲ್ಲಿಗೆ ಕಳಿಸುವಂಥದ್ದಲ್ಲ.

ಸದಸ್ಯತ್ವ ಹೇಗಿರಬೇಕು ಎಂಬುದಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ ಮಾಡಿದ ಸಮಿತಿ ನಮಗೆ ಒಳ್ಳೆಯ ಮಾದರಿಯಾಗಿ ಕಾಣುತ್ತದೆ. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅಧ್ಯಕ್ಷರು, ಜೊತೆಗೆ ಸಾರಿಗೆ ಇಲಾಖೆಯ ಮಾಜಿ ಕಾರ್ಯದರ್ಶಿಯೊಬ್ಬರು ಮತ್ತು ರಸ್ತೆ ಸಂಶೋಧನಾ ಸಂಸ್ಥೆಯ ಮಾಜಿ ವಿಜ್ಞಾನಿಯೊಬ್ಬರು. ಕಾನೂನು, ಆಡಳಿತ, ವಿಜ್ಞಾನ ಮೂರೂ ಅದರಲ್ಲಿದ್ದವು. ಜಿಲ್ಲೆಗಳಲ್ಲಿ ಹೆಚ್ಚಾಗಿ ಕೊರತೆ ಬೀಳುವುದು ಮೂರನೆಯವರದು. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದವರನ್ನು ಸೇರಿಸಿಕೊಳ್ಳಿ ಎಂದು ಮನವಿಯಲ್ಲಿ ಬರೆಯಲು ಅಡ್ಡಿಯಿಲ್ಲ.

ಪ್ರಶ್ನೆ: ಸಭೆ ನಡೆದು ತೀರ್ಮಾನವೂ ಆಗಿದೆ ಎನ್ನುತ್ತಾರೆ. ಕೆಲಸ ಮಾತ್ರ ಆಗಿಲ್ಲ.

ಉತ್ತರ: ಮಾಹಿತಿ ಹಕ್ಕಿನಲ್ಲಿ ಆ ಸಭೆಯ ನಡಾವಳಿ ಮತ್ತು ಅನುಪಾಲನಾ ವರದಿಯ ಪ್ರತಿ ಕೇಳಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ ಇರಲಿ, ಇಲ್ಲವಾದರೆ ಅದೇ ನೆಪದಲ್ಲಿ ತಿರುಗಿ ಬರುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ.

ಈ ಕಾಗದಗಳಿಗೆ ಇನ್ನೊಂದು ಬೆಲೆಯಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ಸೆಕ್ಷನ್ 198ಎ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಆಗ ನ್ಯಾಯಾಲಯ ಪರಿಗಣಿಸುವ ಅಂಶಗಳಲ್ಲಿ, ಆ ಜಾಗ ಅಪಾಯಕಾರಿ ಎಂಬುದು ಪ್ರಾಧಿಕಾರಕ್ಕೆ ಗೊತ್ತಿತ್ತೇ, ಗೊತ್ತಿರಬೇಕಿತ್ತೇ ಎಂಬುದೂ ಒಂದು. ಸೀಲು ಬಿದ್ದ ನಿಮ್ಮ ಸ್ವೀಕೃತಿ ಪ್ರತಿ ಆ ಪ್ರಶ್ನೆಗೆ ದಿನಾಂಕ ಸಮೇತ ಉತ್ತರ ಕೊಡುತ್ತದೆ. ಹಾಗಾಗಿ ಮೂಲಪ್ರತಿ ಯಾರಿಗೂ ಕೊಡಬೇಡಿ, ಕೇಳಿದವರಿಗೆ ಜೆರಾಕ್ಸ್ ಕೊಡಿ.